ತೌಡಿನೆಣ್ಣೆ ಮತ್ತು ಹೆಕ್ಸೇನ್: ಎಡೆದೊರೆ ನಾಡಿನಲ್ಲಿ ಒಂದು ಪೆಟ್ರೋಲಿಯಂ ದ್ರಾವಕದ ಗುಣ ಮತ್ತು ಉಪಯೋಗ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಅನಂತರದ ಚರಿತ್ರಕಾರರಿಗೆ ಇದು ರಾಯಚೂರು ದೋಆಬ್. ಈ ನಾಡಿನ ಒಡೆತನಕ್ಕಾಗಿ ವಿಜಯನಗರದ ಅರಸರಿಗೂ ಬಹಮನಿ, ಆದಿಲಶಾಹಿ ಸುಲ್ತಾನರಿಗೂ ನಡೆದ ಕಾಳಗಗಳಲ್ಲಿ ಮುದಗಲ್ ಕೋಟೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಕೋಟೆಯ ಚರಿತ್ರೆಯನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಕೋಟೆಯ ಸುತ್ತಲಿನ ನೆಲ ಏನನ್ನು ಬೆಳೆಯುತ್ತಿತ್ತು, ಬೆಳೆದುದರಿಂದ ಎಣ್ಣೆಯನ್ನು ಹೇಗೆ ತೆಗೆಯುತ್ತಿದ್ದರು ಎಂಬ ವಿಷಯಕ್ಕೆ ಅಷ್ಟು ಗಮನ ಸಂದಿಲ್ಲ. ದೇವಾಲಯಗಳ ನಂದಾದೀವಿಗೆಗೆ ಗಾಣದಿಂದ ಇಷ್ಟು ಸೊಲಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ತೆಲ್ಲಿಗರು ಐವತ್ತೊಕ್ಕಲು ಎಂಬ ಎಣ್ಣೆಕಾರರ ಸಂಘಟನೆಯ ಉಲ್ಲೇಖವೂ ಅವುಗಳಲ್ಲಿ ದೊರೆಯುತ್ತದೆ. ಎಳ್ಳು, ಕುಸುಬೆ, ಗುರೆಳ್ಳು, ಅಗಸೆಗಳನ್ನು ಎತ್ತಿನ ಗಾಣದಲ್ಲಿ ಅರೆದು ಹಿಂಡುವ ಆ ಪದ್ಧತಿ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಹಳ್ಳಿಗಳಲ್ಲಿ ಉಳಿದಿತ್ತು.

ಇಂದು ಮುದಗಲ್ಲಿನಿಂದ ಆಗ್ನೇಯಕ್ಕೆ ಮಸ್ಕಿಯ ಮೂಲಕ ಸಿಂಧನೂರಿಗೆ ಹೋಗುವವರ ಕಣ್ಣಿಗೆ ಬೀಳುವುದು ಬೇರೆಯೇ ದೃಶ್ಯ. ಮುದಗಲ್ಲಿನ ಸುತ್ತ ಸಜ್ಜೆ, ತೊಗರಿ, ಸೂರ್ಯಕಾಂತಿಗಳ ಒಣಬೇಸಾಯವಿದೆ. ಮುಂದೆ ಸಾಗಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣಿಸಿಕೊಂಡು ಬತ್ತದ ಗದ್ದೆಗಳು ಆರಂಭವಾಗುತ್ತವೆ. 1953ರಲ್ಲಿ ಜಲಾಶಯ ಪೂರ್ಣಗೊಂಡ ಬಳಿಕ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಪ್ಪುನೆಲ ಬತ್ತದ ಕಣಜವಾಯಿತು. ಬತ್ತದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ತೌಡು ಬಂದಿತು. ತೌಡನ್ನು ಅರಸಿ, ಜನ ಸಾಲ್ವೆಂಟ್ ಎಂದಷ್ಟೇ ಕರೆಯುವ ಕಾರ್ಖಾನೆಗಳು ಬಂದವು. ಈ ಹೆಸರು ಕುತೂಹಲಕರವಾಗಿದೆ. ಎಣ್ಣೆ ತೆಗೆಯುವ ಕಾರ್ಖಾನೆಗೆ ಎಣ್ಣೆಯ ಹೆಸರಿಲ್ಲ, ತೌಡಿನ ಹೆಸರೂ ಇಲ್ಲ. ಅಲ್ಲಿ ಒಂದು ಕ್ಷಣ ಬಂದು ಮರೆಯಾಗಬೇಕಾದ ದ್ರವದ ಹೆಸರಿದೆ. ಆ ದ್ರವ ಹೆಕ್ಸೇನ್. ಅದರ ಯಾವ ಗುಣಗಳು ತೌಡಿನೆಣ್ಣೆಯ ಉದ್ಯಮವನ್ನು ಸಾಧ್ಯವಾಗಿಸಿವೆಯೋ ಅವೇ ಗುಣಗಳು ಅದರ ನಷ್ಟಕ್ಕೂ ಬೆಂಕಿಗೂ ಕಾರ್ಮಿಕನ ಅನಾರೋಗ್ಯಕ್ಕೂ ಮೂಲವಾಗಿವೆ. ಹೀಗಾಗಿ ಗುಣ ಮತ್ತು ದೋಷಗಳನ್ನು ಬೇರೆಬೇರೆ ಪಟ್ಟಿಗಳಲ್ಲಿ ಇಟ್ಟು ವಿವರಿಸುವ ಪಠ್ಯಪುಸ್ತಕದ ಕ್ರಮ ಈ ವಸ್ತುವಿಗೆ ಹೊಂದುವುದಿಲ್ಲ.

ದ್ರಾವಕದ ಸ್ವರೂಪ

ಕಚ್ಚಾ ತೈಲವನ್ನು ಬಟ್ಟಿ ಇಳಿಸುವಾಗ ಹಗುರವಾದ ಭಾಗಗಳು ಮೊದಲು ಮೇಲೇರುತ್ತವೆ. ಅನಿಲಗಳ ಅನಂತರ ನಾಫ್ತಾ, ಆಮೇಲೆ ಸೀಮೆಎಣ್ಣೆ, ಡೀಸೆಲ್, ಕೊನೆಗೆ ತಳದಲ್ಲಿ ಡಾಂಬರು. ನಾಫ್ತಾವನ್ನೇ ಮತ್ತೆ ಕಿರಿದಾದ ಉಷ್ಣತಾ ಅಂತರಗಳಲ್ಲಿ ವಿಂಗಡಿಸಿದರೆ ಬಗೆಬಗೆಯ ದ್ರಾವಕಗಳು ದೊರೆಯುತ್ತವೆ. 40ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವುದು ಪ್ರಯೋಗಶಾಲೆಗಳ ಪೆಟ್ರೋಲಿಯಂ ಈಥರ್. ಸುಮಾರು 145ರಿಂದ 205 ಡಿಗ್ರಿಗಳ ನಡುವಿನದು ಬಣ್ಣದ ಅಂಗಡಿಗಳಲ್ಲಿ ಟರ್ಪೆಂಟೈನ್ ಎಂದು ಮಾರಾಟವಾಗುವ ಖನಿಜ ಟರ್ಪೆಂಟೈನ್. ಹೆಸರು ಒಂದೇ ಆದರೂ ಪೈನ್ ಮರದ ಟರ್ಪೆಂಟೈನಿಗೂ ಅದಕ್ಕೂ ಸಂಬಂಧವಿಲ್ಲ. ಇವೆರಡರ ನಡುವೆ, 63ರಿಂದ 70 ಡಿಗ್ರಿಗಳ ಆಸುಪಾಸಿನಲ್ಲಿ ಕುದಿಯುವ ಭಾಗವೇ ಆಹಾರ ದರ್ಜೆಯ ಹೆಕ್ಸೇನ್. ಗುಜರಾತಿನ ಕೊಯಲಿ, ಮುಂಬಯಿ ಹಾಗೂ ಚೆನ್ನೈ ಬಳಿಯ ಮಣಲಿಯ ಶುದ್ಧೀಕರಣಾಗಾರಗಳು ಇದನ್ನು ತಯಾರಿಸಿವೆ. ಭಾರತೀಯ ಮಾನಕ ಬ್ಯೂರೋ ಇದಕ್ಕಾಗಿ ಐಎಸ್ 3470 ಎಂಬ ಮಾನಕವನ್ನು ಗೊತ್ತುಪಡಿಸಿದೆ. ಗಂಧಕವನ್ನೂ ಬೆಂಜೀನನ್ನೂ ತೆಗೆದುಹಾಕುವುದು ಇಲ್ಲಿ ಮುಖ್ಯ. ಬೆಂಜೀನ್ ಕ್ಯಾನ್ಸರ್‌ಕಾರಕ, ಅದರ ಕುದಿಬಿಂದುವೂ 80 ಡಿಗ್ರಿಯಾಗಿದ್ದು ಹೆಕ್ಸೇನಿಗೆ ಹತ್ತಿರವೇ ಇದೆ.

ರಸಾಯನಶಾಸ್ತ್ರದ ದೃಷ್ಟಿಯಿಂದ ಹೆಕ್ಸೇನ್ ಅತ್ಯಂತ ಸರಳವಾದ ವಸ್ತು. ಸಾಲಾಗಿ ನಿಂತ ಆರು ಇಂಗಾಲದ ಪರಮಾಣುಗಳು, ಅವುಗಳನ್ನು ಸುತ್ತುವರಿದ ಹದಿನಾಲ್ಕು ಜಲಜನಕದ ಪರಮಾಣುಗಳು, ಇಷ್ಟೇ. ಕಾರ್ಖಾನೆಯ ಹೆಕ್ಸೇನಿನಲ್ಲಿ ಈ ನೇರ ಸರಪಳಿಯ ಅಣುವಿನೊಡನೆ ಕವಲೊಡೆದ ಹಾಗೂ ಉಂಗುರಾಕಾರದ ಅದರ ಬಂಧುಗಳೂ ಬೆರೆತಿರುತ್ತವೆ. ಅಣುವಿನಲ್ಲಿ ವಿದ್ಯುದಾವೇಶದ ಅಸಮ ಹಂಚಿಕೆಯಿಲ್ಲವಾದ್ದರಿಂದ ನೀರು ಅದನ್ನು ಹತ್ತಿರ ಸೇರಿಸುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವ ಹೆಕ್ಸೇನ್ ಹತ್ತು ಹನ್ನೆರಡು ಮಿಲಿಗ್ರಾಂ ಮಾತ್ರ. ಎಣ್ಣೆಯಾದರೋ ಉದ್ದವಾದ ಹೈಡ್ರೊಕಾರ್ಬನ್ ಬಾಲಗಳ ಕೊಬ್ಬಿನಾಮ್ಲಗಳಿಂದ ಕೂಡಿದ್ದು. ಎರಡೂ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಕಾಳಿನೊಳಗಿನ ಸಕ್ಕರೆ, ಪಿಷ್ಟ, ಪ್ರೋಟೀನುಗಳನ್ನು ಹೆಕ್ಸೇನ್ ಮುಟ್ಟುವುದಿಲ್ಲ. ಎಣ್ಣೆಯನ್ನು ಮಾತ್ರ ಆಯ್ದುಕೊಳ್ಳುವ ಈ ಗುಣವೇ ಅದರ ಮೊದಲ ಯೋಗ್ಯತೆ.

ಎರಡನೆಯದು ಅದನ್ನು ಮರಳಿ ಪಡೆಯುವ ಸುಲಭತೆ. ಶುದ್ಧ ಪ್ರಸಾಮಾನ್ಯ ಹೆಕ್ಸೇನಿನ ಕುದಿಬಿಂದು 68.7 ಡಿಗ್ರಿ. ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಬೇಕಾದರೆ ಅಷ್ಟೇ ತೂಕದ ಹೆಕ್ಸೇನಿಗೆ 80 ಸಾಕು, ಅಂದರೆ ಏಳನೆಯ ಒಂದು ಭಾಗ. ಎಣ್ಣೆಗೆ ಹೆಚ್ಚಿನ ಶಾಖ ತಗುಲದಂತೆ, ಬಾಯ್ಲರಿನ ಇಂಧನ ಹೆಚ್ಚು ವ್ಯಯವಾಗದಂತೆ ದ್ರಾವಕವನ್ನು ಬೇರ್ಪಡಿಸಿ, ತಂಪಾಗಿಸಿ, ಮತ್ತೆ ಬಳಸಬಹುದು. ಅದು ನೀರಿನೊಡನೆ ಬೆರೆಯದೆ ಮೇಲೆ ತೇಲುವುದರಿಂದ, ಉಗಿಯೊಡನೆ ಸಾಂದ್ರೀಕರಿಸಿದಾಗಲೂ ಒಂದು ತೊಟ್ಟಿಯಲ್ಲಿ ನಿಲ್ಲಲು ಬಿಟ್ಟರೆ ತಾನಾಗಿ ಪ್ರತ್ಯೇಕಗೊಳ್ಳುತ್ತದೆ.

ಈ ಸ್ಥಾನಕ್ಕೆ ಹೆಕ್ಸೇನ್ ಒಮ್ಮೆಲೇ ಬರಲಿಲ್ಲ. 1855ರಲ್ಲಿ ಫ್ರಾನ್ಸಿನ ಡೈಸ್ ಎಂಬಾತ ಎಣ್ಣೆ ತೆಗೆಯಲು ಇಂಗಾಲದ ಡೈಸಲ್ಫೈಡನ್ನು ಬಳಸುವ ಹಕ್ಕುಪತ್ರ ಪಡೆದನು. ಆ ದ್ರವ ವಿಷಕಾರಿ, ಅತಿಸುಲಭವಾಗಿ ಹೊತ್ತಿಕೊಳ್ಳುವಂಥದು. ಬೆಂಜೀನನ್ನೂ ಸಾಮಾನ್ಯ ಪೆಟ್ರೋಲನ್ನೂ ಪ್ರಯೋಗಿಸಲಾಯಿತು. ಬೆಂಕಿಯ ಭಯವೇ ಇಲ್ಲದ ಟ್ರೈಕ್ಲೋರೋಎಥಿಲೀನ್ ಎಲ್ಲಕ್ಕಿಂತ ಆಕರ್ಷಕವಾಗಿ ಕಂಡಿತು. ಆದರೆ ಅದರಿಂದ ಎಣ್ಣೆ ತೆಗೆದ ಸೋಯಾ ಹಿಂಡಿಯನ್ನು ತಿಂದ ದನಗಳು 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಕ್ತಸ್ರಾವದ ರೋಗದಿಂದ ಸತ್ತವು. ದ್ರಾವಕ ಹಿಂಡಿಯ ಪ್ರೋಟೀನಿನೊಡನೆ ವರ್ತಿಸಿ ಅಸ್ಥಿಮಜ್ಜೆಯನ್ನು ಕೆಡಿಸುವ ವಸ್ತುವನ್ನು ಉಂಟುಮಾಡಿತ್ತು. ಹೆಕ್ಸೇನ್ ಹಿಂಡಿಯೊಡನೆ ವರ್ತಿಸುವುದಿಲ್ಲ. ಉರಿಯುವ ದ್ರವವನ್ನು ಎಚ್ಚರದಿಂದ ಬಳಸುವುದೇ ಲೇಸೆಂದು ಉದ್ಯಮ ನಿರ್ಧರಿಸಿದ್ದರ ಹಿಂದೆ ಇಂತಹ ಅನುಭವವಿದೆ ಎಂಬುದನ್ನು ಇಂದಿನ ಚರ್ಚೆಗಳಲ್ಲಿ ಮರೆಯಲಾಗುತ್ತಿದೆ. ಭಾರತದಲ್ಲಿ ಈ ಉದ್ಯಮಿಗಳ ಸಂಘ ಮುಂಬಯಿಯಲ್ಲಿ 1963ರಲ್ಲಿ ಸ್ಥಾಪನೆಯಾಯಿತು. 1967ರಲ್ಲಿ ದ್ರಾವಕದಿಂದ ತೆಗೆದ ಎಣ್ಣೆ ಮತ್ತು ಹಿಂಡಿಗಳ ನಿಯಂತ್ರಣಾಜ್ಞೆ ಜಾರಿಗೆ ಬಂದಿತು.

ತೌಡಿಗೆ ದ್ರಾವಕವೇ ಏಕೆ?

ಎಣ್ಣೆಬೀಜಗಳೆಲ್ಲಕ್ಕೂ ದ್ರಾವಕ ಬೇಕೆಂದಿಲ್ಲ. ಶೇಂಗಾ, ಸೂರ್ಯಕಾಂತಿಗಳಲ್ಲಿ ಎಣ್ಣೆಯ ಅಂಶ ಶೇ. 40ರ ಸುತ್ತ ಇರುವುದರಿಂದ ಮೊದಲು ಎಕ್ಸ್‌ಪೆಲ್ಲರಿನಲ್ಲಿ ಹಿಂಡಿ, ಹಿಂಡಿಯಲ್ಲಿ ಉಳಿಯುವ ಶೇ. 6–8ರಷ್ಟು ಎಣ್ಣೆಗಾಗಿ ಮಾತ್ರ ದ್ರಾವಕವನ್ನು ಬಳಸುತ್ತಾರೆ. ರಾಯಚೂರಿನ ಹತ್ತಿ ಮಾರುಕಟ್ಟೆಯನ್ನು ಅವಲಂಬಿಸಿದ ಹತ್ತಿಬೀಜದ ಎಣ್ಣೆಯ ಕ್ರಮವೂ ಬಹುಮಟ್ಟಿಗೆ ಹೀಗೆಯೇ. ತೌಡಿನ ಸ್ಥಿತಿ ಬೇರೆ. ಬತ್ತದ ತೂಕದಲ್ಲಿ ತೌಡು ಶೇ. 5ರಿಂದ 8ರಷ್ಟು, ಹಸಿ ಅಕ್ಕಿಯ ತೌಡಿನಲ್ಲಿ ಎಣ್ಣೆ ಶೇ. 15ರಿಂದ 20. ಪುಡಿಯಾದ, ನಾರಿನಿಂದ ಕೂಡಿದ ಈ ವಸ್ತುವನ್ನು ಎಷ್ಟು ಒತ್ತಿದರೂ ಎಣ್ಣೆಯ ಬಹುಭಾಗ ಅದರಲ್ಲೇ ಉಳಿಯುತ್ತದೆ. ದ್ರಾವಕದಿಂದ ತೊಳೆದರೆ ಉಳಿಯುವುದು ಶೇ. 1ರ ಆಸುಪಾಸು. ನೂರು ಟನ್ ಬತ್ತದಿಂದ ಏಳು ಟನ್ ತೌಡು, ಅದರಿಂದ ಒಂದು ಟನ್ನಿಗೂ ಮಿಕ್ಕಿ ಎಣ್ಣೆ ಎಂದು ಸ್ಥೂಲವಾಗಿ ಲೆಕ್ಕಹಾಕಬಹುದು. ದೇಶಕ್ಕೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಭಾಗ ಆಮದಿನಿಂದ ಬರುತ್ತಿರುವಾಗ, ಹೊಸದಾಗಿ ಒಂದು ಎಕರೆಯನ್ನೂ ಉಳದೆ ದೊರೆಯುವ ಎಣ್ಣೆ ಇದು. ಭಾರತದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ತೌಡಿನೆಣ್ಣೆ ಉತ್ಪಾದನೆಯಾಗುತ್ತಿದೆ.

ಆದರೆ ತೌಡು ಕಾಯುವುದಿಲ್ಲ. ಬತ್ತದ ಕಾಳಿನಲ್ಲಿ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಬೇರೆಬೇರೆ ಪದರಗಳಲ್ಲಿ ಇರುತ್ತವೆ. ಪಾಲಿಷ್ ಯಂತ್ರದಲ್ಲಿ ಅಕ್ಕಿಯ ಮೇಲ್ಪದರ ಉಜ್ಜಿಹೋದ ಕ್ಷಣದಿಂದ ಎರಡೂ ಸೇರಿಕೊಂಡು, ಎಣ್ಣೆ ಒಡೆದು ಮುಕ್ತ ಕೊಬ್ಬಿನಾಮ್ಲಗಳು ಹೆಚ್ಚತೊಡಗುತ್ತವೆ. ಗಿರಣಿಯಿಂದ ಹೊರಬಿದ್ದಾಗ ಶೇ. 2–4ರಷ್ಟಿದ್ದ ಆಮ್ಲಾಂಶ, ಸೆಕೆ ಮತ್ತು ತೇವ ಕೂಡಿದ ದಿನಗಳಲ್ಲಿ ದಿನವೊಂದಕ್ಕೆ ಶೇ. 5ಕ್ಕೂ ಮೇಲ್ಪಟ್ಟು ಏರಬಲ್ಲದು. ಕ್ಷಾರದಿಂದ ಶುದ್ಧೀಕರಿಸುವಾಗ ಆಮ್ಲದ ಪ್ರಮಾಣದ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಣ್ಣೆ ನಷ್ಟವಾಗುತ್ತದೆ. ಹಾಗಾಗಿ ಶೇ. 15ರಷ್ಟು ಆಮ್ಲವಿರುವ ಕಚ್ಚಾ ಎಣ್ಣೆಯಲ್ಲಿ ಮೂರರಲ್ಲೊಂದು ಪಾಲು ಅಡುಗೆಮನೆಗೆ ತಲಪುವುದೇ ಇಲ್ಲ. ಇನ್ನೂ ಹುಳಿಯಾದುದು ಸಾಬೂನಿನ ಕಾರ್ಖಾನೆಗೆ ಹೋಗುತ್ತದೆ. ಕುಚ್ಚಿದ ಬತ್ತದ ತೌಡಿಗೆ ಈ ತೊಂದರೆಯಿಲ್ಲ, ಏಕೆಂದರೆ ಬೇಯಿಸುವಾಗಲೇ ಕಿಣ್ವ ನಾಶವಾಗಿರುತ್ತದೆ. ಅದರ ಎಣ್ಣೆ ಮಾತ್ರ ಕಡುಬಣ್ಣದ್ದು. ಸಿಂಧನೂರು ಭಾಗದ ಹೆಸರಾಂತ ಬೆಳೆ ಸೋನಾ ಮಸೂರಿ. ಬಿಳಿಯ ಅಕ್ಕಿಗಾಗಿಯೇ ಅದನ್ನು ಕೊಳ್ಳುತ್ತಾರಾದ್ದರಿಂದ ಅದು ಹಸಿಯಾಗಿ ಅಥವಾ ಅಲ್ಪ ಉಗಿ ಹಾಯಿಸಿ ಅಕ್ಕಿಯಾಗುವುದೇ ಹೆಚ್ಚು. ಗಿರಣಿಯಿಂದ ಸಾಲ್ವೆಂಟ್ ಕಾರ್ಖಾನೆಗೆ ಲಾರಿ ಎಷ್ಟು ಗಂಟೆಗಳಲ್ಲಿ ಹೋಗುತ್ತದೆ ಎಂಬುದರ ಮೇಲೆ ಆ ತೌಡು ಆಹಾರವೋ ಸಾಬೂನೋ ಎಂಬುದು ನಿಂತಿದೆ.

ತೌಡನ್ನು ಹಾಗೆಯೇ ತಂದು ದ್ರಾವಕ ಸುರಿಯಲಾಗದು. ನುಣ್ಣನೆಯ ಪುಡಿ ಕೆಸರಿನಂತಾಗಿ ದ್ರವವನ್ನು ಕೆಳಗಿಳಿಯಲು ಬಿಡುವುದಿಲ್ಲ. ಆದ್ದರಿಂದ ಜರಡಿ ಹಿಡಿದು, ಉಗಿಯ ಹದ ಕೊಟ್ಟು, ಪೆಲೆಟ್ ಎನ್ನುವ ಸಣ್ಣ ಗುಳಿಗೆಗಳನ್ನಾಗಿ ಒತ್ತಿ ಒಣಗಿಸುತ್ತಾರೆ. ಈ ಗುಳಿಗೆಗಳು ರಂಧ್ರಗಳುಳ್ಳ ಪಟ್ಟಿಯ ಮೇಲೆ ನಿಧಾನವಾಗಿ ಸಾಗುವಾಗ 50–60 ಡಿಗ್ರಿಗಳ ಹೆಕ್ಸೇನ್ ಮೇಲಿನಿಂದ ಸುರಿಯುತ್ತದೆ. ಹೊಸ ದ್ರಾವಕ ಕೊನೆಯ ತುದಿಯಲ್ಲಿ, ಎಣ್ಣೆ ಬಹುತೇಕ ಹೋಗಿರುವ ತೌಡಿನ ಮೇಲೆ ಬೀಳುತ್ತದೆ. ಎಣ್ಣೆಯಿಂದ ತುಂಬಿಕೊಂಡ ದ್ರಾವಕ ಮೊದಲ ತುದಿಯ ಹೊಸ ತೌಡಿನ ಮೇಲೆ ಬೀಳುತ್ತದೆ. ಈ ಎದುರುಹರಿವಿನ ಕ್ರಮದಿಂದಾಗಿ ಕಡಿಮೆ ದ್ರಾವಕದಲ್ಲಿ ಹೆಚ್ಚು ಎಣ್ಣೆ ಹೊರಬರುತ್ತದೆ. ಎಣ್ಣೆ ಬೆರೆತ ದ್ರಾವಕಕ್ಕೆ ಮಿಸೆಲ್ಲಾ ಎಂದು ಹೆಸರು. ಅದನ್ನು ನಿರ್ವಾತದಲ್ಲಿ ಕಾಯಿಸಿ, ಕೊನೆಗೆ ಉಗಿ ಹಾಯಿಸಿ ಹೆಕ್ಸೇನನ್ನು ಹೊರದೂಡುತ್ತಾರೆ. ಎಣ್ಣೆ ತೆಗೆದ ತೌಡನ್ನು ಬೇರೆ ಪಾತ್ರೆಯಲ್ಲಿ ಉಗಿಯಿಂದ ಬಿಸಿಮಾಡಿ ಅಂಟಿಕೊಂಡ ದ್ರಾವಕವನ್ನು ಬಿಡಿಸುತ್ತಾರೆ. ಎರಡೂ ಕಡೆಯ ಆವಿ ಕಂಡೆನ್ಸರಿನಲ್ಲಿ ತಂಪಾಗಿ ದ್ರವವಾಗುತ್ತದೆ.

ಮರಳಿ ಬರದ ಭಾಗ

ಕಾಗದದ ಮೇಲೆ ಹೆಕ್ಸೇನ್ ಚಕ್ರದಂತೆ ಸುತ್ತುತ್ತದೆ, ವ್ಯಯವಾಗುವುದಿಲ್ಲ. ವಾಸ್ತವದಲ್ಲಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ಮರಳುವುದಿಲ್ಲ. ಚೆನ್ನಾಗಿ ನಡೆಯುವ ಸ್ಥಾವರದಲ್ಲಿ ಟನ್ ತೌಡಿಗೆ ಒಂದೆರಡು ಲೀಟರ್, ಹಳೆಯದರಲ್ಲಿ ನಾಲ್ಕೈದು ಲೀಟರ್ ಅಥವಾ ಅದಕ್ಕೂ ಹೆಚ್ಚು ನಷ್ಟವಾಗುವುದುಂಟು. ದಿನಕ್ಕೆ ನೂರು ಟನ್ ಅರೆಯುವ ಕಾರ್ಖಾನೆಯಲ್ಲಿ ಟನ್ನಿಗೆ ನಾಲ್ಕು ಲೀಟರ್ ಎಂದರೆ ದಿನಕ್ಕೆ ನಾಲ್ಕು ನೂರು ಲೀಟರ್. ಇದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ತೌಡಿನಲ್ಲಿ, ಅತ್ಯಲ್ಪ ಎಣ್ಣೆಯಲ್ಲಿ, ಸ್ವಲ್ಪ ತ್ಯಾಜ್ಯ ನೀರಿನೊಡನೆ. ಪಂಪುಗಳ ಸೀಲು, ಕೊಳವೆಗಳ ಫ್ಲ್ಯಾಂಜುಗಳಿಂದ ಸೋರುವುದೂ ಉಂಟು. ದೊಡ್ಡ ಪಾಲು ಗಾಳಿಗೆ ಸೇರುತ್ತದೆ.

ರಾಯಚೂರು ಜಿಲ್ಲೆಯ ಹವೆಗೆ ಇಲ್ಲಿ ವಿಶೇಷ ಪಾತ್ರವಿದೆ. ತೌಡಿನೊಡನೆ ಸ್ಥಾವರದೊಳಕ್ಕೆ ಗಾಳಿಯೂ ನುಸುಳುತ್ತದೆ. ಆ ಗಾಳಿ ಸಾಂದ್ರೀಕರಣಗೊಳ್ಳದೆ ಕೊನೆಗೆ ಹೊರಹೋಗಲೇಬೇಕು, ಹೋಗುವಾಗ ಹೆಕ್ಸೇನಿನ ಆವಿಯನ್ನು ಹೊತ್ತೊಯ್ಯುತ್ತದೆ. 25 ಡಿಗ್ರಿಯಲ್ಲಿ ಹೆಕ್ಸೇನಿನ ಆವಿಯೊತ್ತಡ ಸುಮಾರು 150 ಮಿಲಿಮೀಟರ್ ಪಾದರಸದಷ್ಟು. 40 ಡಿಗ್ರಿಯಲ್ಲಿ ಅದು 280ರ ಹತ್ತಿರ. ಲೆಕ್ಕ ಹಾಕಿ ನೋಡಿದರೆ, ಕಂಡೆನ್ಸರಿನಿಂದ ಹೊರಬೀಳುವ ಒಂದು ಘನಮೀಟರ್ ಶುಷ್ಕ ಗಾಳಿ 25 ಡಿಗ್ರಿಯಲ್ಲಿ ಸುಮಾರು 1.3 ಲೀಟರ್ ದ್ರವಕ್ಕೆ ಸಮನಾದ ಹೆಕ್ಸೇನನ್ನೂ 40 ಡಿಗ್ರಿಯಲ್ಲಿ ಸುಮಾರು 3 ಲೀಟರನ್ನೂ ಕೊಂಡೊಯ್ಯಬಲ್ಲದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ, ಕೂಲಿಂಗ್ ಟವರಿನ ನೀರೂ ಬೆಚ್ಚಗಿರುತ್ತದೆ. ಬೇಸಗೆ ಬೆಳೆಯ ಬತ್ತ ಗಿರಣಿಗೆ ಬರುವುದೂ ಇದೇ ಕಾಲಕ್ಕೆ. ತೌಡು ಬೇಗ ಹುಳಿಯಾಗುವ ದಿನಗಳೂ ದ್ರಾವಕ ಹೆಚ್ಚು ಹಾರಿಹೋಗುವ ದಿನಗಳೂ ಒಂದೇ ಆಗಿರುವುದು ಈ ಸೀಮೆಯ ಉದ್ಯಮದ ದುರದೃಷ್ಟ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಹೊರಹೋಗುವ ಗಾಳಿಯನ್ನು ತಣ್ಣನೆಯ ಖನಿಜ ತೈಲದ ಗೋಪುರದಲ್ಲಿ ಹಾಯಿಸಿದರೆ ತೈಲ ಹೆಕ್ಸೇನನ್ನು ಹೀರಿಕೊಳ್ಳುತ್ತದೆ. ತೈಲವನ್ನು ಕಾಯಿಸಿ ಅದನ್ನು ಮರಳಿ ಪಡೆಯಬಹುದು. ತಣ್ಣೀರಿನ ಚಿಲ್ಲರ್ ಘಟಕವನ್ನು ಜೋಡಿಸುವುದು ಇನ್ನೊಂದು ಮಾರ್ಗ. ಎರಡಕ್ಕೂ ಬಂಡವಾಳ ಬೇಕು, ವರ್ಷದಲ್ಲಿ ಕೆಲವೇ ತಿಂಗಳು ತೌಡು ದೊರೆಯುವ ಕಾರ್ಖಾನೆಗೆ ಬಂಡವಾಳವೇ ಕಷ್ಟ. ತೌಡು ಕಾಲುವೆಯ ನೀರಿಗೆ ಕಟ್ಟುಬಿದ್ದಿದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಆತಂಕಗೊಂಡವರಲ್ಲಿ ರೈತರಂತೆ ಗಿರಣಿಯವರೂ ಇದ್ದುದು ಸಹಜವೇ.

ಬೆಂಕಿ ಮತ್ತು ನರ

ಗಾಳಿಗೆ ಸೇರಿದ ಹೆಕ್ಸೇನ್ ನಷ್ಟ ಮಾತ್ರವಲ್ಲ. ಅದರ ಜ್ವಲನಬಿಂದು ಶೂನ್ಯಕ್ಕಿಂತ 22 ಡಿಗ್ರಿ ಕೆಳಗೆ. ಎಂದರೆ ಕರ್ನಾಟಕದ ಯಾವ ಋತುವಿನಲ್ಲೂ ತೆರೆದಿಟ್ಟ ಹೆಕ್ಸೇನ್ ಕಿಡಿ ತಾಕಿದರೆ ಹೊತ್ತಿಕೊಳ್ಳುವ ಸ್ಥಿತಿಯಲ್ಲೇ ಇರುತ್ತದೆ. ಗಾಳಿಯಲ್ಲಿ ಶೇ. 1.1ರಿಂದ 7.5ರಷ್ಟು ಆವಿಯಿದ್ದರೆ ಮಿಶ್ರಣ ಸ್ಫೋಟಿಸಬಲ್ಲದು. ಒಂದು ಲೀಟರ್ ಹೆಕ್ಸೇನ್ ಪೂರ್ತಿ ಆವಿಯಾದರೆ ಸುಮಾರು 187 ಲೀಟರ್ ಆವಿಯಾಗುತ್ತದೆ. ಅದು 17 ಘನಮೀಟರ್ ಗಾಳಿಯನ್ನು, ಒಂದು ಸಣ್ಣ ಕೋಣೆಯಷ್ಟನ್ನು, ಸ್ಫೋಟಕ ಮಿಶ್ರಣವನ್ನಾಗಿ ಮಾಡಲು ಸಾಕು. ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೇರಿ ಚದರಿಹೋಗದೆ ನೆಲದ ಮೇಲೆ ನೀರಿನಂತೆ ಹರಿದು ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ದೂರದಲ್ಲೆಲ್ಲೋ ಕಿಡಿ ತಗುಲಿದರೂ ಬೆಂಕಿ ಹಿಂದಿರುಗಿ ಮೂಲಕ್ಕೆ ಬರುತ್ತದೆ.

1981ರ ಫೆಬ್ರುವರಿ 13ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ನಡೆದುದು ಇದೇ. ಸೋಯಾ ಎಣ್ಣೆಯ ಕಾರ್ಖಾನೆಯೊಂದರಿಂದ ಒಳಚರಂಡಿಗೆ ಸೇರಿದ ಹೆಕ್ಸೇನಿನ ಆವಿ ನಸುಕಿನಲ್ಲಿ ಸಾಗುತ್ತಿದ್ದ ಕಾರಿನ ಕಿಡಿಯಿಂದ ಹೊತ್ತಿಕೊಂಡು, ಎರಡು ಮೈಲಿಗೂ ಹೆಚ್ಚು ಉದ್ದದ ಬೀದಿಗಳು ಸಿಡಿದುಬಿದ್ದವು. ಜನ ಇನ್ನೂ ಬೀದಿಗಿಳಿಯದ ಹೊತ್ತಾದ್ದರಿಂದ ಪ್ರಾಣಹಾನಿಯಾಗಲಿಲ್ಲ. ತ್ಯಾಜ್ಯ ನೀರು ಸ್ಥಾವರದಿಂದ ಹೊರಬೀಳುವ ಮೊದಲು ಅದನ್ನು ಕುದಿಸಿ ಹೆಕ್ಸೇನನ್ನು ಹಾರಿಸಬೇಕೆಂಬ ನಿಯಮ ಏಕೆ ಅಷ್ಟು ಕಟ್ಟುನಿಟ್ಟು ಎಂಬುದಕ್ಕೆ ಈ ಘಟನೆ ಉತ್ತರ.

ಭಾರತದಲ್ಲಿ 1934ರ ಪೆಟ್ರೋಲಿಯಂ ಅಧಿನಿಯಮ ಮತ್ತು 2002ರ ನಿಯಮಗಳ ಪ್ರಕಾರ ಹೆಕ್ಸೇನ್ ಎ ವರ್ಗದ ಪೆಟ್ರೋಲಿಯಂ. ಸ್ಥಾವರದೊಳಗೆ ಜ್ವಾಲಾನಿರೋಧಕ ವಿದ್ಯುತ್ ಉಪಕರಣ, ಬಾಯ್ಲರಿಗೂ ಸ್ಥಾವರಕ್ಕೂ ಸಾಕಷ್ಟು ಅಂತರ, ಲಾರಿಗಳ ಹೊಗೆಕೊಳವೆಗೆ ಕಿಡಿನಿರೋಧಕ ಇವೆಲ್ಲ ಅವಶ್ಯ. ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಸ್ಥಿರವಿದ್ಯುತ್ತು. ಹೆಕ್ಸೇನ್ ವಿದ್ಯುತ್ತನ್ನು ಒಯ್ಯದ ದ್ರವವಾದ್ದರಿಂದ ಕೊಳವೆಯಲ್ಲಿ ವೇಗವಾಗಿ ಹರಿಯುವಾಗ ಆವೇಶ ಸಂಗ್ರಹವಾಗುತ್ತದೆ. ಪಾತ್ರೆ, ಕೊಳವೆ, ಟ್ಯಾಂಕರುಗಳನ್ನು ತಂತಿಯಿಂದ ಭೂಮಿಗೆ ಜೋಡಿಸದಿದ್ದರೆ ಆ ಆವೇಶವೇ ಕಿಡಿಯಾಗುತ್ತದೆ. ನೀರು ಸುರಿದು ಈ ಬೆಂಕಿಯನ್ನು ನಂದಿಸಲಾಗದು. ಉರಿಯುವ ಹೆಕ್ಸೇನ್ ನೀರಿನ ಮೇಲೆ ತೇಲುತ್ತ ಹರಡುತ್ತದೆ, ನೊರೆಯೇ ಬೇಕು. ಸ್ಥಾವರವನ್ನು ಸ್ವಚ್ಛತೆಗೋ ರಿಪೇರಿಗೋ ನಿಲ್ಲಿಸುವಾಗ ಮತ್ತು ಪುನಃ ಆರಂಭಿಸುವಾಗ ಅಪಾಯ ಹೆಚ್ಚು, ಏಕೆಂದರೆ ಆವಿಯಿಂದ ತುಂಬಿದ ಪಾತ್ರೆಗಳೊಳಕ್ಕೆ ಗಾಳಿ ಸೇರುವುದು ಆಗಲೇ. ಹಂಗಾಮಿಗೊಮ್ಮೆ ನಿಂತು ಹೊರಡುವ ತೌಡಿನ ಕಾರ್ಖಾನೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಆರೋಗ್ಯದ ಪ್ರಶ್ನೆ ಇದಕ್ಕಿಂತ ಮೌನವಾದುದು. ಪೆಟ್ರೋಲಿಯಂ ದ್ರಾವಕಗಳೆಲ್ಲ ಅಧಿಕ ಪ್ರಮಾಣದಲ್ಲಿ ತಲೆಸುತ್ತು, ಮಂಪರು ತರುತ್ತವೆ. ನೇರ ಸರಪಳಿಯ ಹೆಕ್ಸೇನಿಗೆ ಅದರ ಹತ್ತಿರದ ಬಂಧುಗಳಾದ ಪೆಂಟೇನ್, ಹೆಪ್ಟೇನ್‌ಗಳಲ್ಲಿ ಅಷ್ಟಾಗಿ ಕಾಣದ ಒಂದು ದೋಷವಿದೆ. ಯಕೃತ್ತು ಅದನ್ನು ಉತ್ಕರ್ಷಿಸಿ 2,5-ಹೆಕ್ಸೇನ್‌ಡಯೋನ್ ಎಂಬ ವಸ್ತುವನ್ನಾಗಿ ಪರಿವರ್ತಿಸುತ್ತದೆ; ಅದು ನರತಂತುಗಳ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಉದ್ದವಾದ ನರಗಳಿಗೆ ಮೊದಲು ಏಟು. ಕಾಲ್ಬೆರಳು, ಕೈಬೆರಳುಗಳ ತುದಿ ಜೋಮು ಹಿಡಿದಂತಾಗಿ, ಅನಂತರ ಪಾದಗಳಲ್ಲಿ ಬಲಹೀನತೆ ಕಾಣಿಸುತ್ತದೆ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ರೋಗ ಉಲ್ಬಣಿಸುವುದುಂಟು. 1960ರ ದಶಕದಲ್ಲಿ ಜಪಾನಿನ ಚಪ್ಪಲಿ ತಯಾರಿಕೆಯ ಕೆಲಸಗಾರರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಗೋಚರಿಸಿತು. ಅಂಟಿನಲ್ಲಿ ಹೆಕ್ಸೇನ್ ಇತ್ತು. 2009–10ರಲ್ಲಿ ಚೀನಾದ ಸುಝೌ ನಗರದಲ್ಲಿ ಫೋನಿನ ಪರದೆಗಳನ್ನು ಹೆಕ್ಸೇನಿನಿಂದ ಒರೆಸುತ್ತಿದ್ದ 137 ಕಾರ್ಮಿಕರು ಇದೇ ರೋಗಕ್ಕೆ ತುತ್ತಾದರು.

ಗಮನಿಸಬೇಕಾದ ಅಂಶವೆಂದರೆ ಈ ಎರಡು ಅಪಾಯಗಳ ಅಳತೆಗೋಲುಗಳ ನಡುವಿನ ಅಂತರ. ಸ್ಫೋಟದ ಕೆಳಮಿತಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 11,000 ಭಾಗ. ಎಂಟು ಗಂಟೆಗಳ ಪಾಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯತಜ್ಞರ ಮಂಡಳಿ ಸೂಚಿಸಿರುವ ಮಿತಿ 50 ಭಾಗ. ಸ್ಫೋಟಮಾಪಕ ಮೌನವಾಗಿರುವ ಗಾಳಿ ಉಸಿರಾಡಲು ಯೋಗ್ಯವೆಂದು ಅರ್ಥವಲ್ಲ. ಎರಡು ನೂರು ಪಟ್ಟಿಗೂ ಮೀರಿದ ವ್ಯತ್ಯಾಸವಿದೆ. ಮೂಗನ್ನೂ ನಂಬುವಂತಿಲ್ಲ, ಪೆಟ್ರೋಲಿನಂತಹ ಅದರ ವಾಸನೆಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಪೂರ್ತಿ ಮುಚ್ಚಿದ ಸ್ಥಾವರದ ಯಂತ್ರಚಾಲಕನಿಗಿಂತ ದ್ರಾವಕ ಸರಿಯಾಗಿ ಬಿಡದ ಬಿಸಿ ತೌಡನ್ನು ಗೋದಾಮಿನಲ್ಲಿ ಚೀಲಕ್ಕೆ ತುಂಬುವ ಹಮಾಲನ ಕಡೆಗೆ ಹೆಚ್ಚು ಲಕ್ಷ್ಯ ಹರಿಯಬೇಕಾಗಿದೆ. ದಿನಗೂಲಿಯ ಮೇಲೆ ಬಂದುಹೋಗುವ ಆತನ ಪಾದದ ಜೋಮು ಯಾವ ದಾಖಲೆಗೂ ಸುಲಭವಾಗಿ ಸೇರುವಂಥದಲ್ಲ.

ಇತರ ಉಪಯೋಗಗಳನ್ನು ಇಲ್ಲಿ ಹೆಸರಿಸಿದರೆ ಸಾಕು. ರಬ್ಬರ್ ಅಂಟು, ಪಾದರಕ್ಷೆ, ಪ್ಲಾಸ್ಟಿಕ್ ತಯಾರಿಕೆ, ಔಷಧ ಉದ್ಯಮ, ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವಿಕೆ ಇವುಗಳಲ್ಲೆಲ್ಲ ಹೆಕ್ಸೇನ್ ಅಥವಾ ಅದರ ಸಮೀಪದ ದ್ರಾವಕಗಳು ಬಳಕೆಯಲ್ಲಿವೆ. ಕರ್ನಾಟಕದ ಮಟ್ಟಿಗೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವನ್ನು ಓಲಿಯೊರೆಸಿನ್ ರೂಪದಲ್ಲಿ ತೆಗೆಯುವುದಕ್ಕೂ ಚೆಂಡುಹೂವಿನಿಂದ ಹಳದಿ ವರ್ಣಕವನ್ನು ಬೇರ್ಪಡಿಸುವುದಕ್ಕೂ ಇದೇ ದ್ರಾವಕದ ನೆರವಿದೆ.

ಉಳಿಕೆ ಮತ್ತು ಬದಲಿ

ಬಳಕೆದಾರನ ಅಳುಕು ಸಾಮಾನ್ಯವಾಗಿ ಎಣ್ಣೆಯಲ್ಲಿ ಉಳಿಯುವ ಹೆಕ್ಸೇನಿನ ಬಗ್ಗೆ. ಭಾರತದ ಆಹಾರ ಸುರಕ್ಷತಾ ನಿಯಮಗಳು ಶುದ್ಧೀಕರಿಸಿದ ಎಣ್ಣೆಯಲ್ಲಿ ಹತ್ತು ಲಕ್ಷ ಭಾಗಕ್ಕೆ 5 ಭಾಗದ ಮಿತಿಯನ್ನು ಇಟ್ಟಿವೆ. ಯುರೋಪು ಒಕ್ಕೂಟದ ಮಿತಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ, ಎಂದರೆ ಹತ್ತು ಲಕ್ಷಕ್ಕೆ 1 ಭಾಗ. ವಾಸನೆ ಕಳೆಯಲು ಎಣ್ಣೆಯನ್ನು ನಿರ್ವಾತದಲ್ಲಿ 200 ಡಿಗ್ರಿಗೂ ಮೇಲೆ ಕಾಯಿಸುವ ಹಂತದಲ್ಲಿ 69 ಡಿಗ್ರಿಗೆ ಕುದಿಯುವ ದ್ರವ ಉಳಿಯಲು ಎಡೆಯಿರುವುದಿಲ್ಲ. ಆ ಹಂತವನ್ನು ಸರಿಯಾಗಿ ನಡೆಸದಿದ್ದರೆ ಮಾತ್ರ ಉಳಿಕೆಯ ಪ್ರಶ್ನೆ ಏಳುತ್ತದೆ. ಆದರೂ ಹಳೆಯ ಅಧ್ಯಯನಗಳನ್ನು ಆಧರಿಸಿದ ಮಿತಿಗಳನ್ನು ಪುನರ್ವಿಮರ್ಶಿಸುವ ಅಗತ್ಯವಿದೆಯೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಅಭಿಪ್ರಾಯಪಟ್ಟಿದೆ.

ಬದಲಿಗಳ ಹುಡುಕಾಟ ಹೊಸದಲ್ಲ. ಎಥನಾಲ್ ಸಸ್ಯಮೂಲದ್ದು, ನರಗಳಿಗೆ ಆ ಬಗೆಯ ಹಾನಿಯಿಲ್ಲ. ಆದರೆ ಅದನ್ನು ಆವಿಯಾಗಿಸಲು ಹೆಕ್ಸೇನಿಗೆ ಬೇಕಾದ ಶಾಖದ ಎರಡೂವರೆ ಪಟ್ಟು ಬೇಕು, ಅದು ನೀರಿನೊಡನೆ ಬೆರೆಯುತ್ತದೆ, ಎಣ್ಣೆಯೊಡನೆ ಸಕ್ಕರೆಯನ್ನೂ ಎಳೆದುಕೊಂಡು ಬರುತ್ತದೆ. ಇಂಗಾಲದ ಡೈಆಕ್ಸೈಡನ್ನು ನೂರಾರು ಪಟ್ಟು ವಾಯುಭಾರದಲ್ಲಿ ಒತ್ತಿ ಬಳಸುವ ಕ್ರಮ ಉರಿಯದು, ಉಳಿಕೆಯೂ ಇಲ್ಲ. ಅದರ ಯಂತ್ರಗಳ ಬೆಲೆಯನ್ನು ಕಾಫಿ, ಸಾಂಬಾರ ಪದಾರ್ಥಗಳು ತಾಳಬಲ್ಲವು, ತೌಡು ತಾಳಲಾರದು. ಕೃಷಿತ್ಯಾಜ್ಯದಿಂದ ತಯಾರಾಗುವ 2-ಮೀಥೈಲ್‌ಆಕ್ಸೋಲೇನ್ ಎಂಬ ದ್ರಾವಕಕ್ಕೆ ಯುರೋಪು ಒಕ್ಕೂಟ 2023ರಲ್ಲಿ ಮಾನ್ಯತೆ ನೀಡಿದೆ. ಇದರ ಕುದಿಬಿಂದು 80 ಡಿಗ್ರಿಯ ಸುತ್ತ, ಉರಿಯುವ ಗುಣ ಇದಕ್ಕೂ ಇದೆ. ಹೆಕ್ಸೇನಿಗೆ ಒಂದೇ ಏಟಿಗೆ ಬದಲಿ ಸಿಗದಿರುವುದಕ್ಕೆ ಕಾರಣ ಸ್ಪಷ್ಟ. ಸುಲಭವಾಗಿ ಆವಿಯಾಗುವುದು, ಎಣ್ಣೆಯನ್ನು ಒಲಿಯುವುದು, ನೀರನ್ನು ದೂರವಿಡುವುದು ಇವನ್ನೆಲ್ಲ ಬೇಡುವವರು ಹೊತ್ತಿಕೊಳ್ಳುವ ವಸ್ತುವನ್ನೇ ಬಹುಮಟ್ಟಿಗೆ ಬೇಡುತ್ತಿರುತ್ತಾರೆ.

ಉದ್ಯಮದ ಲೆಕ್ಕವನ್ನು ದ್ರಾವಕ ಒಂದೇ ನಿರ್ಧರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ತೌಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಎಣ್ಣೆ ತೆಗೆದ ಮೇಲೂ ಉಳಿದು ಪಶು, ಕೋಳಿ, ಮೀನುಗಳ ಆಹಾರವಾಗಿ ಮಾರಾಟವಾಗುತ್ತದೆ. 2023ರ ಜುಲೈ 28ರಂದು ಕೇಂದ್ರ ಸರ್ಕಾರ ಅದರ ರಫ್ತನ್ನು ನಿಷೇಧಿಸಿತು, ಎರಡು ವರ್ಷಕ್ಕೂ ಮಿಕ್ಕಿ ನಿಷೇಧ ಜಾರಿಯಲ್ಲಿತ್ತು. ಹೈನುಗಾರನಿಗೆ ಮೇವು ಅಗ್ಗವಾಗಲೆಂಬುದು ಅದರ ಉದ್ದೇಶ. ಎಣ್ಣೆ ತೆಗೆದ ತೌಡಿಗೆ ಬೆಲೆ ಕುಸಿದಾಗ ಕಾರ್ಖಾನೆ ಹಸಿ ತೌಡಿಗೆ ಕೊಡುವ ಬೆಲೆಯೂ ಇಳಿಯುತ್ತದೆ. ಗಿರಣಿಯವನು ತೌಡನ್ನು ಬೇಗ ಸಾಗಿಸುವ ಆಸ್ಥೆಯನ್ನು ಕಳೆದುಕೊಂಡರೆ ಆಮ್ಲಾಂಶ ಏರಿ ಎಣ್ಣೆ ಕೆಡುತ್ತದೆ.

ತೌಡನ್ನು ಗಿರಣಿಯಲ್ಲೇ ಕೆಲವು ನಿಮಿಷ ಬಿಸಿಮಾಡಿ ಕಿಣ್ವವನ್ನು ನಾಶಪಡಿಸುವ ವಿಧಾನಗಳ ಮೇಲೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ ಸೇರಿದಂತೆ ಅನೇಕ ಸಂಸ್ಥೆಗಳು ದಶಕಗಳ ಹಿಂದೆಯೇ ಕೆಲಸ ಮಾಡಿವೆ. ಹಾಗೆ ಸ್ಥಿರಗೊಳಿಸಿದ ತೌಡು ವಾರಗಳವರೆಗೆ ಕೆಡದೆ ಉಳಿಯುತ್ತದೆ. ಕಾರ್ಖಾನೆ ಸೆಕೆಯ ದಿನಗಳಲ್ಲೇ ಅವಸರದಿಂದ ಅರೆಯಬೇಕಾಗಿಲ್ಲ, ಹಂಗಾಮಿನಾಚೆಗೂ ಸ್ಥಾವರವನ್ನು ನಿಲ್ಲಿಸದೆ ನಡೆಸಬಹುದು. ದ್ರಾವಕದ ನಷ್ಟ, ಸ್ಥಾವರವನ್ನು ಪದೇ ಪದೇ ತೆರೆಯುವ ಅಪಾಯ ಇವೆರಡೂ ಅಷ್ಟರಮಟ್ಟಿಗೆ ತಗ್ಗುತ್ತವೆ. ಬಿಸಿಮಾಡುವ ಖರ್ಚನ್ನು ಗಿರಣಿಯವನು ಭರಿಸಬೇಕು, ಅದರ ಫಲವನ್ನು ಕಾರ್ಖಾನೆ ಉಣ್ಣುತ್ತದೆ. ಆಮ್ಲಾಂಶವನ್ನು ಅಳೆದು ತೌಡಿಗೆ ಬೆಲೆ ಕಟ್ಟುವ ಪದ್ಧತಿ ಗಿರಣಿಯ ಬಾಗಿಲಲ್ಲೇ ನೆಲೆಗೊಳ್ಳದ ಹೊರತು ಆ ಯಂತ್ರ ಸಣ್ಣ ಗಿರಣಿಗೆ ಬರುವ ಸಂಭವ ಕಡಿಮೆ.